ಲೆಕ್ಕ ನಮ್ಮದು, ಕೀಲಿಕೈ ಯಾರ ಕೈಯಲ್ಲಿ?

"ನಿಮ್ಮ ಅಂಗಡಿಯ ಲೆಕ್ಕ ಎಲ್ಲಿದೆ?" ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? "ಕಂಪ್ಯೂಟರಿನಲ್ಲಿದೆ" ಎಂದಲ್ಲವೇ? ಕಂಪ್ಯೂಟರಿನಲ್ಲಿ ಎಲ್ಲಿ, ಅದನ್ನು ತೆರೆಯುವವರು ಯಾರು, ನಾಳೆ ಅದು ತೆರೆಯದಿದ್ದರೆ ಗತಿಯೇನು ಎಂದು ಮುಂದೆ ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ.

ಮಂಗಳೂರಿನ ಬಂದರಿನ ಸಗಟು ಅಂಗಡಿಗಳಲ್ಲಿ ಒಂದು ಕಾಲದಲ್ಲಿ ಲೆಕ್ಕವೆಂದರೆ ದಪ್ಪ ರಟ್ಟಿನ ಉದ್ದನೆಯ ಪುಸ್ತಕ. ಅಜ್ಜ ಬರೆದದ್ದನ್ನು ಮೊಮ್ಮಗಳು ಓದಬಹುದಿತ್ತು. ಪುಸ್ತಕ ಮಾರಿದ ಅಂಗಡಿ ಮುಚ್ಚಿದರೂ ಪುಸ್ತಕ ಮುಚ್ಚಿಕೊಳ್ಳುತ್ತಿರಲಿಲ್ಲ. ಈಗ ಹಾಗಲ್ಲ. ಅಕ್ಕಿಯಿಂದ ಹಿಡಿದು ಬಟ್ಟೆಯವರೆಗೆ ಎಲ್ಲ ವ್ಯಾಪಾರದ ಲೆಕ್ಕವೂ ಒಂದು ಸಾಫ್ಟ್‌ವೇರಿನೊಳಗಿದೆ. ಆ ಸಾಫ್ಟ್‌ವೇರ್ ತಯಾರಿಸಿದ ಕಂಪೆನಿ "ಇನ್ನು ಇದನ್ನು ನಾವು ನಡೆಸುವುದಿಲ್ಲ" ಎಂದು ಹೇಳಿದ ದಿನ ನಮ್ಮ ಲೆಕ್ಕದ ಪುಸ್ತಕಕ್ಕೆ ಏನಾಗುತ್ತದೆ? ಈ ತಿಂಗಳು ಅದರ ಬಗ್ಗೆ ಮಾತಾಡೋಣ.

"ಇದು ಗಂಡಸರ ವಿಷಯ" ಎಂದು ಪುಟ ಮಗುಚಬೇಡಿ ಸಹೋದರಿ. ಪತಿ ಗಲ್ಫ್‌ನಲ್ಲಿದ್ದು ಊರಿನ ಅಂಗಡಿಯನ್ನು ನೋಡಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಬಿ.ಕಾಂ. ಮುಗಿಸಿ ಹಂಪನಕಟ್ಟೆಯ ಕಚೇರಿಗಳಲ್ಲಿ ಲೆಕ್ಕ ಬರೆಯುವ ಹೆಣ್ಣು ಮಕ್ಕಳಿದ್ದಾರೆ. ಮನೆಯಲ್ಲೇ ಹೊಲಿಗೆ, ಕೇಕ್, ಉಪ್ಪಿನಕಾಯಿಯ ವ್ಯಾಪಾರ ಮಾಡುವವರಿದ್ದಾರೆ. ಇವರ ಸಾಲಿಗೆ ನಾವು ಯಾರೂ ಬಯಸದ ಇನ್ನೊಬ್ಬಳೂ ಸೇರುತ್ತಾಳೆ. ಪತಿ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ವ್ಯಾಪಾರದ ಲೆಕ್ಕದ ಎದುರು ಕುಳಿತುಕೊಳ್ಳಬೇಕಾಗಿ ಬಂದ ಸಹೋದರಿ ಅವಳು.

ಲೈಸೆನ್ಸ್ ಎಂದರೆ ಬಾಡಿಗೆ ಮನೆ

ಸಾಫ್ಟ್‌ವೇರ್ ಖರೀದಿಸಿದೆವು ಎಂದು ನಾವು ಹೇಳುತ್ತೇವೆ. ನಿಜವಾಗಿ ನಾವು ಖರೀದಿಸುವುದು ಅದನ್ನು ಬಳಸುವ ಅನುಮತಿಯನ್ನು. ಅದಕ್ಕೇ ಲೈಸೆನ್ಸ್ ಎನ್ನುವುದು. ಅದು ಬಾಡಿಗೆ ಮನೆಯಿದ್ದಂತೆ. ಮನೆ ಮಾಲಕರದ್ದು, ಒಳಗಿನ ಪಾತ್ರೆ-ಪಗಡೆ ನಮ್ಮದು. ಹಾಗೆಯೇ ಸಾಫ್ಟ್‌ವೇರ್ ಕಂಪೆನಿಯದ್ದು, ಒಳಗಿನ ಲೆಕ್ಕ ನಮ್ಮದು. ಮನೆ ಬಿಡಲು ಹೇಳಿದಾಗ ಸಾಮಾನನ್ನು ಸಮಯಕ್ಕೆ ಮುಂಚೆ ಹೊರಗೆ ತಂದವರಿಗೆ ತೊಂದರೆಯಿಲ್ಲ. ಬೀಗ ಬಿದ್ದ ಮೇಲೆ ಓಡಾಡುವವರಿಗೆ ಕಷ್ಟ.

ಲೈಸೆನ್ಸ್‌ನಲ್ಲಿ ಮುಖ್ಯವಾಗಿ ಎರಡು ವಿಧ. ಒಂದು, ಒಮ್ಮೆ ಹಣ ಕೊಟ್ಟರೆ ಕಾಯಂ ಬಳಸಬಹುದಾದದ್ದು. ಇನ್ನೊಂದು, ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುವಂಥದ್ದು. ಮೊದಲಿನದರಲ್ಲಿ ಲೆಕ್ಕ ಸಾಮಾನ್ಯವಾಗಿ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಎರಡನೆಯದರಲ್ಲಿ ಹೆಚ್ಚಾಗಿ ಇಂಟರ್ನೆಟ್ ಮೂಲಕ ಕಂಪೆನಿಯ ಕಂಪ್ಯೂಟರಿನಲ್ಲಿರುತ್ತದೆ. ನಿಮ್ಮದು ಯಾವುದೆಂದು ಇಂದೇ ತಿಳಿದುಕೊಳ್ಳಿ.

ನಿಲ್ಲುವುದರಲ್ಲಿಯೂ ಮೂರು ಬಗೆ

ಮೊದಲನೆಯದು, ಹಳೆಯದು ನಡೆಯುತ್ತದೆ ಆದರೆ ಬೆಳೆಯುವುದಿಲ್ಲ. ನಮ್ಮವರಿಗೆ ಬಹಳ ಪರಿಚಯವಿರುವ ಟ್ಯಾಲಿಯನ್ನೇ ನೋಡಿ. ಬೆಂಗಳೂರಿನ ಈ ಕಂಪೆನಿಯನ್ನು 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದರು. ಆಗ ಅದರ ಹೆಸರು ಪ್ಯೂಟ್ರಾನಿಕ್ಸ್. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಬಂತು. 2020ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಟ್ಯಾಲಿ ಪ್ರೈಮ್ ಬಂತು. ಲೈಸೆನ್ಸ್ ಕಾಯಂ ಆದರೂ ಹೊಸ ಆವೃತ್ತಿಗೆ ಏರಲು ಟಿಎಸ್‌ಎಸ್ ಎಂಬ ವಾರ್ಷಿಕ ಸೇವೆಯನ್ನು ನವೀಕರಿಸಿರಬೇಕು. ನವೀಕರಿಸದವರ ಹಳೆಯ ಟ್ಯಾಲಿ ತೆರೆದುಕೊಳ್ಳುತ್ತದೆ, ಆದರೆ ಹೊಸ ಕಾನೂನಿಗೆ ತಕ್ಕ ಬದಲಾವಣೆ ಅದಕ್ಕೆ ಬರುವುದಿಲ್ಲ. ಕಾನೂನು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದರ ದರಗಳೇ ಬದಲಾದವು. ಟ್ಯಾಲಿ 7.2ರಂತಹ ಬಹಳ ಹಳೆಯ ಆವೃತ್ತಿಯಲ್ಲಿ ಲೆಕ್ಕ ಇಟ್ಟುಕೊಂಡವರಂತೂ ಅದನ್ನು ಹೊಸದಕ್ಕೆ ತರಲು ಪ್ರತ್ಯೇಕ ಪರಿವರ್ತನೆ ಮಾಡಿಸಬೇಕಾಯಿತು. ತಡ ಮಾಡಿದಷ್ಟೂ ಮೆಟ್ಟಿಲುಗಳು ಹೆಚ್ಚುತ್ತವೆ.

ಎರಡನೆಯದು, ಹೊಸಬರಿಗೆ ಮಾರುವುದನ್ನು ನಿಲ್ಲಿಸುವುದು. ಅಮೆರಿಕದಲ್ಲಿ ಕ್ವಿಕ್‌ಬುಕ್ಸ್‌ನ ಕಂಪ್ಯೂಟರಿನಲ್ಲಿ ಹಾಕುವ ಕೆಲವು ಆವೃತ್ತಿಗಳನ್ನು ಇಂಟ್ಯುಯಿಟ್ ಕಂಪೆನಿ 2024ರ ಸೆಪ್ಟೆಂಬರ್ ಬಳಿಕ ಹೊಸ ಗ್ರಾಹಕರಿಗೆ ಕೊಡುವುದನ್ನು ನಿಲ್ಲಿಸಿತು. ಹಳೆಯ ಚಂದಾದಾರರಿಗೆ ನವೀಕರಣ ಮುಂದುವರಿಯಿತು. ಇಂತಹ ಸುದ್ದಿ ಬಂದಾಗ "ನಮಗೇನೂ ಆಗಿಲ್ಲವಲ್ಲ" ಎಂದು ಸುಮ್ಮನಿರುವುದು ಸುಲಭ. ಆದರೆ ಅದನ್ನು ಮೊದಲ ಗಂಟೆಯೆಂದು ತಿಳಿಯಬೇಕು.

ಮೂರನೆಯದು, ಪೂರ್ತಿ ಬಾಗಿಲು ಮುಚ್ಚುವುದು. ಇದೇ ಕಂಪೆನಿ ಭಾರತದಲ್ಲಿ ಕ್ವಿಕ್‌ಬುಕ್ಸ್ ಸೇವೆಯನ್ನು ನಿಲ್ಲಿಸುವುದಾಗಿ 2022ರಲ್ಲಿ ತಿಳಿಸಿ, 2023ರಲ್ಲಿ ನಿಲ್ಲಿಸಿತು. ಬಳಕೆದಾರರು ತಮ್ಮ ಲೆಕ್ಕವನ್ನು ಹೊರಗೆ ತೆಗೆದುಕೊಂಡು ಬೇರೆಡೆಗೆ ಹೋಗಬೇಕಾಯಿತು. ಮುನ್ಸೂಚನೆ ಇತ್ತು, ಸಮಯವೂ ಇತ್ತು. ಇಂತಹ ಸೂಚನೆಗಳು ಹೆಚ್ಚಾಗಿ ಇ-ಮೇಲ್‌ಗೆ ಬರುತ್ತವೆ. ಆ ಇ-ಮೇಲ್ ಕೆಲಸ ಬಿಟ್ಟು ಹೋದ ಅಕೌಂಟೆಂಟ್‌ನದ್ದಾಗಿದ್ದರೆ ನಿಮಗೆ ಗೊತ್ತಾಗುವುದು ಬಾಗಿಲು ಮುಚ್ಚಿದ ಮೇಲೆಯೇ.

ಸಾಫ್ಟ್‌ವೇರ್ ಸರಿಯಿದ್ದರೂ ಅದರ ಕೆಳಗಿನ ನೆಲ ಸರಿಯಬಹುದು. ಎಷ್ಟೋ ಅಂಗಡಿಗಳಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಕಂಪ್ಯೂಟರ್ ನಡೆಯುತ್ತದೆ, ಆದರೆ ಹಳತಾದಂತೆ ವೈರಸ್‌ನ ಅಪಾಯ ಹೆಚ್ಚುತ್ತದೆ.

ನಮ್ಮ ಊರಿಗೆ ಇಂತಹ ಬದಲಾವಣೆ ಹೊಸದೇನಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ, ಮುಂದೆ ಮಂಗಳೂರನ್ನೇ ಕೇಂದ್ರವಾಗಿಸಿಕೊಂಡ ಕಾರ್ಪೊರೇಷನ್ ಬ್ಯಾಂಕ್ 2020ರ ಎಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಅದಕ್ಕೂ ಒಂದು ವರ್ಷ ಮುಂಚೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಚೆಕ್ ಪುಸ್ತಕ ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು. ನೂರು ವರ್ಷ ದಾಟಿದ ಬ್ಯಾಂಕಿನ ಹೆಸರೇ ಉಳಿಯದಿರುವಾಗ ಒಂದು ಸಾಫ್ಟ್‌ವೇರ್ ಶಾಶ್ವತವೆಂದು ನಂಬುವುದು ಹೇಗೆ?

ಬರೆದಿಡುವುದು ದೀನಿನ ಭಾಗ

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವ ವಿಷಯದ ಬಗ್ಗೆ ಇದೆ ಗೊತ್ತೇ? ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಅದು. ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂಬ ತಾಕೀತು ಅಲ್ಲಿದೆ. ಬರೆದದ್ದು ಬೇಕಾದಾಗ ಓದಲು ಸಿಗದಿದ್ದರೆ ಬರೆದು ಏನು ಫಲ?

ಝಕಾತನ್ನೇ ತೆಗೆದುಕೊಳ್ಳಿ. ಒಂದು ಚಿಕ್ಕ ಬಟ್ಟೆ ಅಂಗಡಿಯನ್ನು ಊಹಿಸಿ. ಸರಕಿನ ಬೆಲೆ 6,00,000 ರೂಪಾಯಿ. ನಗದು ಮತ್ತು ಬ್ಯಾಂಕಿನಲ್ಲಿ 1,50,000. ಗಿರಾಕಿಗಳಿಂದ ಖಂಡಿತ ಬರಬೇಕಾದ ಬಾಕಿ 2,00,000. ಸಗಟು ವ್ಯಾಪಾರಿಗಳಿಗೆ ಕೂಡಲೇ ಕೊಡಬೇಕಾದದ್ದು 2,50,000. ಕೂಡಿ ಕಳೆದರೆ 7,00,000. ಶೇಕಡಾ ಎರಡೂವರೆಯಂತೆ ಝಕಾತ್ 17,500 ರೂಪಾಯಿ. ಈಗ ಸಾಫ್ಟ್‌ವೇರ್ ಬದಲಾಯಿಸುವ ಗಡಿಬಿಡಿಯಲ್ಲಿ ಗಿರಾಕಿಗಳ ಬಾಕಿ ಪಟ್ಟಿ ತಪ್ಪಿ ಹೋಯಿತೆನ್ನಿ. ಲೆಕ್ಕ 5,00,000ಕ್ಕೆ ಇಳಿಯಿತು, ಝಕಾತ್ 12,500 ಆಯಿತು. ಬಡವರ ಹಕ್ಕಿನ 5,000 ರೂಪಾಯಿ ಯಾರಿಗೂ ಅರಿವಿಲ್ಲದೆ ನಮ್ಮಲ್ಲೇ ಉಳಿಯಿತು. (ಸಾಲ ಮತ್ತು ಬಾಕಿಯನ್ನು ಎಷ್ಟರ ಮಟ್ಟಿಗೆ ಸೇರಿಸಬೇಕು, ಕಳೆಯಬೇಕು ಎಂಬಲ್ಲಿ ವಿದ್ವಾಂಸರ ನಡುವೆ ಅಭಿಪ್ರಾಯ ಭೇದವಿದೆ. ನೀವು ನಂಬುವ ಆಲಿಮರನ್ನು ಕೇಳಿಕೊಳ್ಳಿ.)

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಸರಕಾರದ ವರ್ಷ ಎಪ್ರಿಲ್‌ನಿಂದ ಮಾರ್ಚ್. ಝಕಾತಿನ ವರ್ಷ ಚಂದ್ರಮಾನದ್ದು, ಅದು ಸುಮಾರು ಹನ್ನೊಂದು ದಿನ ಚಿಕ್ಕದು. ರಮಝಾನಿನಲ್ಲಿ ಝಕಾತ್ ಲೆಕ್ಕ ಹಾಕುವವರಿಗೆ ಬೇಕಾಗುವುದು ಆ ದಿನದ ಸರಕು, ಆ ದಿನದ ಬಾಕಿ. ಅಕೌಂಟೆಂಟರು ಮಾರ್ಚ್ 31ರ ಬ್ಯಾಲೆನ್ಸ್ ಶೀಟನ್ನು ಮುದ್ರಿಸಿ ಕೊಟ್ಟು "ಎಲ್ಲವೂ ಇದೆ" ಎಂದರೆ ತೆರಿಗೆಗೆ ಸಾಕಾಗಬಹುದು, ನಮಗೆ ಸಾಲದು. ಹಿಂದಿನ ವರ್ಷ ಝಕಾತ್ ಕಡಿಮೆಯಾಗಿತ್ತೇ ಎಂದು ತಿರುಗಿ ನೋಡಬೇಕಾದರೆ ದಿನದಿನದ ಲೆಕ್ಕ ಕೈಯಲ್ಲಿರಬೇಕು.

ಇನ್ನು ವಾರಸುದಾರಿಕೆ. ಮರಣ ಹೊಂದಿದವರ ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆಯೇ ಆಸ್ತಿಯ ಪಾಲು ಎಂದು ಅನ್ನಿಸಾ ಅಧ್ಯಾಯ ಕಲಿಸುತ್ತದೆ. ಅಣ್ಣತಮ್ಮಂದಿರು ಕೂಡಿ ನಡೆಸಿದ ಅಂಗಡಿ ಎನ್ನಿ. ಒಬ್ಬರು ಗಲ್ಫ್‌ನಿಂದ ಹಣ ಕಳುಹಿಸಿದ್ದಾರೆ, ಒಬ್ಬರು ಇಲ್ಲಿ ದುಡಿದಿದ್ದಾರೆ. ಯಾರ ಬಂಡವಾಳ ಎಷ್ಟು, ಯಾರು ಎಷ್ಟು ತೆಗೆದುಕೊಂಡರು ಎಂಬುದು ಹತ್ತು ವರ್ಷದ ಹಿಂದಿನ ಲೆಕ್ಕದಲ್ಲಿದೆ. ಆ ಲೆಕ್ಕ ತೆರೆಯದಿದ್ದರೆ ಉಳಿಯುವುದು ಬಾಯಿ ಮಾತು. ಅಂತಹ ಹೊತ್ತಿನಲ್ಲಿ ವಿಧವೆಯ ಮತ್ತು ಯತೀಮ್ ಮಕ್ಕಳ ಮಾತಿಗೆ ಎಲ್ಲರಿಗಿಂತ ಕಡಿಮೆ ತೂಕವಿರುತ್ತದೆ. ಅವರ ಪರವಾಗಿ ಮಾತಾಡುವ ಒಂದೇ ಸಾಕ್ಷಿ ಆ ಲೆಕ್ಕ.

ಕಾನೂನು ಏನು ಹೇಳುತ್ತದೆ?

ಜಿಎಸ್‌ಟಿ ನೋಂದಣಿ ಇರುವವರು ಒಂದು ವರ್ಷದ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ನಾಶವಾದರೂ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕೆಂದೂ ನಿಯಮವಿದೆ. ಪ್ರೈವೇಟ್ ಲಿಮಿಟೆಡ್ ಕಂಪೆನಿಯಾಗಿದ್ದರೆ 2013ರ ಕಂಪೆನಿ ಕಾಯಿದೆಯಂತೆ ಎಂಟು ವರ್ಷದ ಪುಸ್ತಕಗಳಿರಬೇಕು. ಅಲ್ಲದೆ 2023ರ ಎಪ್ರಿಲ್ 1ರಿಂದ ಕಂಪೆನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವಂತಿರಬೇಕು. "ಕಂಪೆನಿ ಸಾಫ್ಟ್‌ವೇರ್ ನಿಲ್ಲಿಸಿತು, ನಾವೇನು ಮಾಡುವುದು?" ಎಂಬ ಉತ್ತರ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ.

ಇದು ದೊಡ್ಡವರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣವನ್ನು ನೋಡಿ ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು ನೆನಪಿರಬೇಕು. ಪ್ರಶ್ನೆ ಹಿಂದಿನ ವರ್ಷಗಳದ್ದಾಗಿತ್ತು. ಬೇಕರಿಯವರು, ಹಾಲು-ತರಕಾರಿಯವರು ಬಂದ ಹಣದಲ್ಲಿ ತೆರಿಗೆ ಇಲ್ಲದ ಸರಕಿನದ್ದೆಷ್ಟು, ಕೈಸಾಲದ್ದೆಷ್ಟು ಎಂದು ಬಿಡಿಸಿ ಹೇಳಬೇಕಾಗಿತ್ತು. ಹಳೆಯ ಲೆಕ್ಕ ಇದ್ದವರು ಅದನ್ನು ತೋರಿಸಬಹುದಿತ್ತು. ಇಲ್ಲದವರಿಗೆ ನೆನಪೊಂದೇ ಆಧಾರ.

ಈಗಲೇ ಮಾಡಬೇಕಾದದ್ದು

ಯೂಸುಫ್(ಅ)ರ ಕಥೆ ನಮಗೆಲ್ಲ ಗೊತ್ತು. ಸುಭಿಕ್ಷದ ಏಳು ವರ್ಷಗಳಲ್ಲಿ ಬರದ ಏಳು ವರ್ಷಗಳಿಗಾಗಿ ಧಾನ್ಯವನ್ನು ಕೂಡಿಟ್ಟದ್ದು ಮಾತ್ರವಲ್ಲ, ಅದನ್ನು ತೆನೆಯಲ್ಲೇ ಬಿಟ್ಟು ಕೂಡಿಡುವಂತೆ ಹೇಳಿದ್ದರು. ಕೂಡಿಡುವಷ್ಟೇ ಮುಖ್ಯ, ಕೆಡದ ರೂಪದಲ್ಲಿ ಕೂಡಿಡುವುದು. ಲೆಕ್ಕದ ವಿಷಯದಲ್ಲೂ ಹಾಗೆಯೇ.

1. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಸೀರಿಯಲ್ ನಂಬರ್, ಯಾವ ಇ-ಮೇಲ್, ಯಾವ ಮೊಬೈಲಿಗೆ ಒಟಿಪಿ ಬರುತ್ತದೆ, ನವೀಕರಣ ಎಂದು ಮುಗಿಯುತ್ತದೆ ಎಂದು ಬರೆಯಿರಿ. ಇ-ಮೇಲ್ ಹೊರಗಿನವರದ್ದಾಗಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಮನೆಯವರ ಇ-ಮೇಲ್‌ಗೆ ಬದಲಾಯಿಸಿ.

2. ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಟ್ಯಾಲಿಯಲ್ಲಿ ಟ್ಯಾಲಿ ವಾಲ್ಟ್ ಎಂಬ ಬೀಗವಿದೆ. ಅದರ ಪಾಸ್‌ವರ್ಡ್ ಮರೆತರೆ ಕಂಪೆನಿಯವರಿಗೂ ತೆರೆದು ಕೊಡಲು ಸಾಧ್ಯವಿಲ್ಲ. ಪತಿಯೊಬ್ಬರಿಗೆ ಮಾತ್ರ ಗೊತ್ತಿದ್ದ ಪಾಸ್‌ವರ್ಡ್ ಅವರೊಂದಿಗೆ ಹೋದರೆ ಲೆಕ್ಕವೂ ಹೋದಂತೆ. ಲಕೋಟೆಯಲ್ಲಿ ಬರೆದು ಮನೆಯ ದಾಖಲೆಪತ್ರಗಳ ಜೊತೆಗಿಡಿ.

3. ಲೆಕ್ಕವನ್ನು ಹೊರಗೆ ತೆಗೆಯಿರಿ. ಪ್ರತಿ ವರ್ಷದ ಡೇ ಬುಕ್, ಎಲ್ಲ ಲೆಡ್ಜರ್‌ಗಳು, ಬಿಲ್ಲುವಾರು ಬಾಕಿ ಪಟ್ಟಿ, ಸರಕಿನ ಪಟ್ಟಿ, ಟ್ರಯಲ್ ಬ್ಯಾಲೆನ್ಸ್, ಬ್ಯಾಲೆನ್ಸ್ ಶೀಟ್ ಇಷ್ಟೂ ಬೇಕು. ಓದಲು ಪಿಡಿಎಫ್‌ನಲ್ಲಿ, ಲೆಕ್ಕ ಹಾಕಲು ಎಕ್ಸೆಲ್‌ನಲ್ಲಿ, ಎರಡೂ ರೂಪದಲ್ಲಿರಲಿ. ಬಾಕಿ ಪಟ್ಟಿ ಮತ್ತು ಬಂಡವಾಳದ ಲೆಡ್ಜರನ್ನು ಕಾಗದದಲ್ಲೂ ಮುದ್ರಿಸಿಡಿ. ಸಾಫ್ಟ್‌ವೇರಿನದ್ದೇ ಆದ ಬ್ಯಾಕಪ್ ಕೂಡ ಬೇಕು. ಆದರೆ ಅದೊಂದನ್ನೇ ನಂಬಬೇಡಿ, ಏಕೆಂದರೆ ಅದನ್ನು ತೆರೆಯಲು ಪುನಃ ಅದೇ ಸಾಫ್ಟ್‌ವೇರ್ ಬೇಕಾಗುತ್ತದೆ.

4. ಎರಡು ಕಡೆ ಇಡಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ನಮ್ಮ ಕರಾವಳಿಯ ಸಿಡಿಲಿಗೆ ಕಂಪ್ಯೂಟರ್ ಸುಟ್ಟು ಹೋಗುವುದು, ಮಳೆಗಾಲದ ತೇವಕ್ಕೆ ಕೆಡುವುದು ಅಪರೂಪವಲ್ಲ. ಇಟ್ಟದ್ದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

5. ಹೊಸದನ್ನು ಆರಿಸುವಾಗ ಮಾರುವವರಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ವರ್ಷಕ್ಕೆ ಎಷ್ಟು ಕಟ್ಟಬೇಕು? ಕಟ್ಟುವುದನ್ನು ನಿಲ್ಲಿಸಿದರೆ ಹಳೆಯ ಲೆಕ್ಕ ನೋಡಲು ಸಿಗುತ್ತದೆಯೇ? ಎಲ್ಲವನ್ನೂ ಎಕ್ಸೆಲ್‌ಗೆ ತೆಗೆಯಬಹುದೇ? ಯಾವುದೇ ದಿನದ ಸರಕು ಮತ್ತು ಬಾಕಿ ತೋರಿಸುತ್ತದೆಯೇ? ಇಂಟರ್ನೆಟ್ ಇಲ್ಲದಿದ್ದರೆ ಬಿಲ್ ಹಾಕಬಹುದೇ? ಒಳಗೆ ಹೋಗುವ ಬಾಗಿಲನ್ನು ಎಲ್ಲರೂ ತೋರಿಸುತ್ತಾರೆ. ಹೊರಗೆ ಬರುವ ಬಾಗಿಲು ಎಲ್ಲಿದೆಯೆಂದು ನೀವೇ ಕೇಳಬೇಕು.

6. ಬದಲಾವಣೆಗೆ ಒಳ್ಳೆಯ ದಿನ ಎಪ್ರಿಲ್ 1. ಅದಕ್ಕೆ ತಯಾರಿ ಅಕ್ಟೋಬರಿನಲ್ಲೇ ಶುರುವಾಗಲಿ. ಹಳೆಯದರ ಅಂತಿಮ ಶಿಲ್ಕು ಮತ್ತು ಹೊಸದರ ಆರಂಭದ ಶಿಲ್ಕು ರೂಪಾಯಿಗೆ ರೂಪಾಯಿ ತಾಳೆಯಾಗಬೇಕು. ಒಂದೆರಡು ತಿಂಗಳು ಎರಡರಲ್ಲೂ ಬರೆದರೆ ಇನ್ನೂ ಒಳ್ಳೆಯದು. ವರ್ಷದ ಮಧ್ಯೆ ಬದಲಾಯಿಸಲೇಬೇಕಾದರೆ ಬಿಲ್ ಸಂಖ್ಯೆ ಮರುಕಳಿಸದಂತೆ ನೋಡಿಕೊಳ್ಳಿ. ಒಂದು ಆರ್ಥಿಕ ವರ್ಷದಲ್ಲಿ ಒಂದೇ ಸಂಖ್ಯೆಯ ಎರಡು ಬಿಲ್ ಇರುವಂತಿಲ್ಲ.

7. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಅವಸರ ಬೇಡ. ಹೊಸದಕ್ಕೆ ಲೈಸೆನ್ಸ್ ವರ್ಗಾಯಿಸುವಾಗ ಹಳೆಯದರಲ್ಲಿ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಆದ್ದರಿಂದ ಮೇಲಿನ ಮೂರನೆಯ ಮತ್ತು ನಾಲ್ಕನೆಯ ಕೆಲಸ ಮುಗಿದ ಮೇಲೆಯೇ ಅದಕ್ಕೆ ಕೈ ಹಾಕಿ.

ಮನೆಯಿಂದಲೇ ವ್ಯಾಪಾರ ಮಾಡುವ ಸಹೋದರಿಯರು ಮೊಬೈಲಿನ ಖಾತೆ ಆ್ಯಪ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಲೆಕ್ಕ ಚಿಕ್ಕದಾದರೂ ಮಾತು ಅದೇ. ತಿಂಗಳ ಕೊನೆಯ ದಿನ ಎಲ್ಲರ ಬಾಕಿ ಪಟ್ಟಿಯನ್ನು ಪಿಡಿಎಫ್ ಮಾಡಿಕೊಳ್ಳಿ. ಮೊಬೈಲ್ ಕಳೆದರೂ, ನಂಬರ್ ಬದಲಾದರೂ, ಆ್ಯಪ್ ನಿಂತರೂ ಯಾರಿಂದ ಎಷ್ಟು ಬರಬೇಕೆಂದು ಗೊತ್ತಿರುತ್ತದೆ.

ಕದ್ದ ಪ್ರತಿಯ ಬಗ್ಗೆ

"ಲೈಸೆನ್ಸ್ ಯಾಕೆ, ಪರಿಚಯದವರು ಉಚಿತವಾಗಿ ಹಾಕಿ ಕೊಟ್ಟಿದ್ದಾರೆ" ಎನ್ನುವವರು ನಮ್ಮಲ್ಲೂ ಇದ್ದಾರೆ. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಕೃತಿಯ, ಆವಿಷ್ಕಾರದ ಹಕ್ಕುಗಳು ಶರೀಅತ್ ಪ್ರಕಾರ ರಕ್ಷಣೆಯಿರುವ ಹಕ್ಕುಗಳೆಂದು ಹೇಳಿತ್ತು. ಒಬ್ಬರ ದುಡಿಮೆಯನ್ನು ಕದ್ದು ಅದರಲ್ಲಿ ನಮ್ಮ ಹಲಾಲ್ ಸಂಪಾದನೆಯ ಲೆಕ್ಕ ಬರೆಯುವುದು ಸರಿಯೇ? ಲೌಕಿಕವಾಗಿಯೂ ಅದರಲ್ಲಿ ನಷ್ಟವೇ. ಕದ್ದ ಪ್ರತಿಗೆ ಮುನ್ಸೂಚನೆ ಬರುವುದಿಲ್ಲ, ಕೆಟ್ಟರೆ ಕೇಳಲು ಯಾರೂ ಇಲ್ಲ. ಹಣ ಕೊಡಲು ಸಾಧ್ಯವಿಲ್ಲದಿದ್ದರೆ ಕಾನೂನುಬದ್ಧವಾಗಿ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳಿವೆ. ಅದೂ ಬೇಡವೆಂದರೆ ಒಂದು ದಪ್ಪ ನೋಟ್‌ಬುಕ್ ಸಾಕು.

ಇಂದು ಸಂಜೆ

ಇಷ್ಟೆಲ್ಲ ಕೆಲಸ ಒಂದು ದಿನದಲ್ಲಿ ಆಗಬೇಕೆಂದಿಲ್ಲ. ಇಂದು ಸಂಜೆ ಪತಿ ಅಂಗಡಿಯಿಂದ ಬಂದಾಗ, ಅಥವಾ ಗಲ್ಫ್‌ನಿಂದ ಫೋನ್ ಬಂದಾಗ, ಒಂದೇ ಒಂದು ಪ್ರಶ್ನೆ ಕೇಳಿ: "ನಮ್ಮ ಲೆಕ್ಕದ ಲೈಸೆನ್ಸ್ ಯಾರ ಹೆಸರಿನಲ್ಲಿದೆ?" ಅದು ಸಂಶಯದ ಪ್ರಶ್ನೆಯಲ್ಲ, ಹೊಣೆಗಾರಿಕೆಯ ಪ್ರಶ್ನೆ ಎಂದು ಅವರಿಗೆ ತಿಳಿಸಿ. ಹಝ್ರತ್ ಖದೀಜಾ(ರ) ತಮ್ಮ ಸರಕನ್ನು ದೂರದ ಶಾಮ್‌ಗೆ ಕಳುಹಿಸುತ್ತಿದ್ದ ವ್ಯಾಪಾರಿ. ಲೆಕ್ಕ ತಿಳಿದಿರುವುದು ಮುಸ್ಲಿಮ್ ಮಹಿಳೆಗೆ ಹೊಸದೇನೂ ಅಲ್ಲ.

ಬಿ.ಕಾಂ. ಓದುವ ಮಗಳಿದ್ದರೆ ಈ ಕೆಲಸವನ್ನು ಅವಳಿಗೇ ವಹಿಸಿ. ಕಾಲೇಜಿನಲ್ಲಿ ಕಲಿತದ್ದು ಮನೆಗೆ ಉಪಯೋಗವಾಗಲಿ. ನಾಳೆ ಅವಳದ್ದೇ ವ್ಯಾಪಾರವಿದ್ದರೆ, ಇಲ್ಲವೇ ಅವಳು ಬೇರೊಬ್ಬರ ಲೆಕ್ಕ ಬರೆದರೆ, ಈ ಅಭ್ಯಾಸ ಅವಳ ಜೊತೆಗಿರುತ್ತದೆ.

ಲೆಕ್ಕ ಒಂದು ಅಮಾನತ್. ಅದರಲ್ಲಿ ಸಾಲ ಕೊಟ್ಟವರ ಹಕ್ಕಿದೆ, ಬಡವರ ಹಕ್ಕಿದೆ, ನಾಳಿನ ವಾರಸುದಾರರ ಹಕ್ಕಿದೆ. ನಾಳಿನ ಲೆಕ್ಕ ಕೊಡಬೇಕಾದ ದಿನದ ಬಗ್ಗೆ ವಿಶ್ವಾಸವಿರುವ ನಾವು ಇಂದಿನ ಲೆಕ್ಕವನ್ನು ಬೇರೆಯವರ ಬೀಗದೊಳಗೆ ಬಿಟ್ಟು ನಿಶ್ಚಿಂತೆಯಿಂದಿರುವುದು ತರವಲ್ಲ. ನಮ್ಮ ಸಂಪಾದನೆಯಲ್ಲೂ ಲೆಕ್ಕದಲ್ಲೂ ಅಲ್ಲಾಹನು ಶುದ್ಧಿಯನ್ನು, ಬರಕತನ್ನು ಕರುಣಿಸಲಿ. ಆಮೀನ್.